ಬೇರಿಲ್ಲದೆ ಕಿತ್ತ ಕನ್ನೆ ಸೊಪ್ಪು

ಸಸ್ಯ ವರ್ಗೀಕರಣದಲ್ಲಿ ಪಿಎಚ್‌.ಡಿ. ಶುರು ಮಾಡಿದ ವರ್ಷ. ಪಾಂಡವಪುರದ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಬೆಳಿಗ್ಗೆಯೆಲ್ಲ ಸುತ್ತಿ, ಸಿಕ್ಕ ಗಿಡಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡೆ. ಬಸ್ಸಲ್ಲಿ ಮೈಸೂರಿಗೆ ಬಂದು, ರಾತ್ರಿ ಊಟ ಆದ ಮೇಲೆ ಹಳೇ ಪೇಪರ್ ಮಧ್ಯೆ ಹರಡಿ, ಗಿಡ ಒತ್ತಿ ಒಣಗಿಸುವ ಪ್ರೆಸ್ಸಿಗೆ ಹಾಕಿದೆ. ಅದರಲ್ಲಿ ಕನ್ನೆ ಸೊಪ್ಪೂ ಇತ್ತು. ಬದುವಿನಲ್ಲಿ ಎಲ್ಲೆಂದರಲ್ಲಿ ಬೆಳೆಯುವ ಗಿಡ ಅಲ್ವಾ, ಸುಮ್ನೆ ಒಂದು ತುದಿ ಮುರಿದು ತಂದಿದ್ದೆ. ಒಣಗಿದ ಗಿಡ ಅಂಟಿಸಿದ ಹಾಳೆಯ ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಕಮೆಲೈನಾ, ಮಂಡ್ಯ ಜಿಲ್ಲೆ, ಸಾಮಾನ್ಯ.’

ವಾರ ಕಳೆದು ನನ್ನ ಗೈಡ್ ಆ ಹಾಳೆಯನ್ನು ಲೆನ್ಸ್ ಕೆಳಗೆ ಇಟ್ಟುಕೊಂಡರು. ‘ಹೂ ಯಾವ ಬಣ್ಣ ಇತ್ತಮ್ಮ? ಬೇರು ಎಲ್ಲಿ? ನೀರಲ್ಲಿ ನಿಂತಿತ್ತಾ, ಒಣ ಮಣ್ಣಲ್ಲಾ?’ ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೂವಿದ್ದ ಜಾಗದಲ್ಲಿ ಕಪ್ಪು ಕಲೆ ಮಾತ್ರ ಉಳಿದಿತ್ತು. ಈ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಕರಗಿ ಹೋಗುತ್ತದೆ. ಅದನ್ನು ನೋಡಬೇಕಾದದ್ದೂ ಬರೆಯಬೇಕಾದದ್ದೂ ಗಿಡದ ಪಕ್ಕದಲ್ಲೇ ಕೂತು. ಗೈಡ್ ಬೈಯಲಿಲ್ಲ. ಹಾಳೆಯನ್ನು ಪಕ್ಕಕ್ಕಿಟ್ಟರು. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮುಂದಿನ ಭಾನುವಾರ ಅದೇ ಏರಿಗೆ ಹೋದೆ. ಅಲ್ಲೊಬ್ಬರು ಅಜ್ಜಿ ಬೆರಕೆ ಸೊಪ್ಪು ಆಯುತ್ತಿದ್ದರು. ಮಡಿಲಲ್ಲಿ ಅಣ್ಣೆ, ಗಣಿಕೆ, ಹೊನಗೊನೆ ಎಲ್ಲ ಸೇರಿತ್ತು. ನಾನು ಕನ್ನೆ ಸೊಪ್ಪಿನ ಬುಡಕ್ಕೆ ಕೈ ಹಾಕಿದ್ದೇ ತಡ, ‘ಅಯ್ಯೋ, ಬುಡ ಕೀಳ್ಬೇಡ ಕಣವ್ವ. ತುದಿ ಚಿವುಟ್ಕೊ, ಮತ್ತೆ ಚಿಗುರ್ತದೆ’ ಅಂದರು. ನಾನು ಬಂದ ಕೆಲಸ ಹೇಳಿದೆ. ಪಕ್ಕದಲ್ಲೇ ಅದೇ ಥರ ಕಾಣುವ ಇನ್ನೊಂದು ಗಿಡ ಇತ್ತು. ‘ಇದೂ ಅದೇನಾ ಅಜ್ಜಿ?’ ಅಂತ ಕೇಳಿದೆ. ‘ಅಲ್ಲ ಅಲ್ಲ. ಎಲೆ ಕಂಕುಳು ನೋಡು, ನಮ್ದುಕ್ಕೆ ಕೆಂಚು ಕೂದ್ಲಿರ್ತದೆ.’

ನೋಡಿದೆ. ಎಲೆ ಕಾಂಡವನ್ನು ಸುತ್ತಿಕೊಂಡ ಕಡೆ, ಅದರ ಬಾಯಂಚಿನಲ್ಲಿ ಸಣ್ಣ ಕೆಂಗಂದು ಕೂದಲು. ಕನ್ನೆ ಸೊಪ್ಪನ್ನು, ಅಂದರೆ ಕಮೆಲೈನಾ ಬೆಂಗಾಲೆನ್ಸಿಸ್ ಅನ್ನು, ಗುರುತಿಸಲು ನಮ್ಮ ಪುಸ್ತಕಗಳು ಹೇಳುವ ಲಕ್ಷಣವೇ ಅದು. ಇನ್ನೊಂದು ಲಕ್ಷಣ ಹೂವನ್ನು ಹೊತ್ತ ಹಸಿರು ಹೊದಿಕೆ. ಈ ಗಿಡದಲ್ಲಿ ಅದರ ಅಂಚು ಕೂಡಿಕೊಂಡು ಪುಟ್ಟ ಲಾಳಿಕೆಯಂತಿರುತ್ತದೆ. ಪಕ್ಕದ ಗಿಡದಲ್ಲಿ ಮಡಚಿದ ಎಲೆಯಂತೆ ಬಿಟ್ಟುಕೊಂಡಿತ್ತು. ಹೂವಲ್ಲಿ ಎರಡು ದೊಡ್ಡ ನೀಲಿ ಎಸಳು, ಕೆಳಗೊಂದು ಚಿಕ್ಕದು. ಎಲ್ಲವನ್ನೂ ಅಲ್ಲೇ ಬರೆದುಕೊಂಡೆ.

ಆಮೇಲೆ ಅಜ್ಜಿಯ ಒಪ್ಪಿಗೆ ಪಡೆದು, ಅವರದೇ ಕುಡುಗೋಲಿನ ತುದಿಯಿಂದ ಒಂದೇ ಒಂದು ಗಿಡ ಬಿಡಿಸಿದೆ. ಬುಡದಿಂದ ಬಿಳಿ ದಾರದಂಥ ಬಳ್ಳಿಗಳು ಮಣ್ಣೊಳಗೆ ಇಳಿದಿದ್ದವು. ಅವುಗಳ ಮೇಲೆ ಮುಚ್ಚಿದ ಮೊಗ್ಗಿನಂಥದ್ದು. ಅದೂ ಹೂವೇ! ಎಂದೂ ಅರಳದೆ, ಬೆಳಕು ಕಾಣದೆ, ತನ್ನದೇ ಪರಾಗದಿಂದ ಮಣ್ಣೊಳಗೇ ಕಾಯಿ ಕಟ್ಟುತ್ತದೆ. ಓದಿ ಗೊತ್ತಿತ್ತು. ಬೆರಳಲ್ಲಿ ಹಿಡಿದದ್ದು ಅವತ್ತೇ. ಅಜ್ಜಿಗೂ ತೋರಿಸಿದೆ. ‘ಅದ್ಕೇ ಎಷ್ಟು ಕಳೆ ತೆಗೆದ್ರೂ ಮತ್ತೆ ಬತ್ತದೆ ಇದು’ ಅಂದರು.

ಈಗ ನನ್ನ ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಚೀಟಿ ಬರೆಯುವುದನ್ನು. ಊರು, ಬದುವೋ ಗದ್ದೆಯೋ, ಮಣ್ಣು, ಹೂವಿನ ಬಣ್ಣ, ದಿನಾಂಕ. ಬರೀ ಜಿಲ್ಲೆಯ ಹೆಸರು ಸಾಲದು. 1939ರವರೆಗೆ ಮಂಡ್ಯವೇ ಮೈಸೂರು ಜಿಲ್ಲೆಯೊಳಗಿತ್ತು. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಹಳೇ ಹಾಳೆಯಲ್ಲಿ ‘ಮೈಸೂರು ಜಿಲ್ಲೆ’ ಅಂತಷ್ಟೇ ಇದ್ದರೆ ಆ ಗಿಡ ಚಾಮುಂಡಿ ಬೆಟ್ಟದ್ದೋ ಬಿಳಿಗಿರಿರಂಗನ ಬೆಟ್ಟದ್ದೋ ಹೇಳುವವರು ಯಾರು? ಅಂಥ ಹಾಳೆ ಕೈಗೆ ಬಂದಾಗ ನಿಜಕ್ಕೂ ಸಂಕಟವಾಗುತ್ತದೆ.

ಗಿಡದ ವೈಜ್ಞಾನಿಕ ಹೆಸರು ಬದಲಾಗುವುದಕ್ಕೆ ಹುಡುಗರು ಬೇಸರ ಮಾಡಿಕೊಳ್ಳುತ್ತಾರೆ. ಕರಿಜಾಲಿ ನಾನು ಓದುವಾಗ ಅಕೇಶಿಯಾ, ಈಗ ವ್ಯಾಚೆಲಿಯಾ. ತಂಗಡಿ ಕ್ಯಾಸಿಯಾದಿಂದ ಸೆನ್ನಾಕ್ಕೆ ಬಂತು. ಹಾಳೆಗೆ ಹೊಸ ಚೀಟಿ ಹಚ್ಚುತ್ತೇವೆ, ಹಳೇ ಚೀಟಿ ಕೀಳುವುದಿಲ್ಲ. ಗಿಡ ಪೂರ್ತಿ ಇದ್ದು, ಚೀಟಿ ಸರಿ ಇದ್ದರೆ ಯಾವ ಹೆಸರು ಬಂದರೂ ಹೆದರಬೇಕಿಲ್ಲ.

ಅವತ್ತಿನ ಎರಡನೇ ಹಾಳೆ ಈಗಲೂ ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ಬೀರುವಿನಲ್ಲಿದೆ. ಬೇರು, ಬಿಳಿ ಬಳ್ಳಿ, ಮೂಲೆಯ ಪುಟ್ಟ ಕಾಗದದ ಪೊಟ್ಟಣದಲ್ಲಿ ಮಣ್ಣೊಳಗಿನ ಎರಡು ಕಾಯಿ. ಏರಿಯ ಆ ಜಾಗಕ್ಕೆ ಕಾಂಕ್ರೀಟ್ ಬಿದ್ದಿದೆ. ಚೀಟಿಯ ಕೊನೇ ಸಾಲು: ‘ಊರಿನವರು ಬೆರಕೆ ಸೊಪ್ಪಿಗೆ ಬಳಸುತ್ತಾರೆ. ತುದಿ ಚಿವುಟುತ್ತಾರೆ, ಬುಡ ಕೀಳುವುದಿಲ್ಲ.’