ರೈಲಿನಲ್ಲಿ ಜನಕಪುರಕ್ಕೆ ಒಂದು ದಿನ: ಎಂಟು ಕ್ಯಾಮೆರಾಗಳ ಯೋಜನೆ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ಮುಂಬಯಿಯ ಕನ್ನಡಿಗರಿಗೆ ಊರಿನ ಹೆಬ್ಬಾಗಿಲಿದ್ದಂತೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗಾಗಿ ಅಲ್ಲಿ ಕಾಯದವರು ನಮ್ಮಲ್ಲಿ ಕಡಿಮೆ. ಒಮ್ಮೆ ಹಾಗೆ ಕಾಯುತ್ತಿದ್ದಾಗ ನಮ್ಮ ಛಾಯಾಗ್ರಾಹಕರ ಗುಂಪಿನ ಭಟ್ಟರು ಫಲಕದಲ್ಲಿ ‘ಜಯನಗರ’ ಎಂಬ ಹೆಸರನ್ನು ಓದಿ, ಬೆಂಗಳೂರಿನ ಬಡಾವಣೆಯೊಂದಕ್ಕೆ ಇಲ್ಲಿಂದ ರೈಲು ಹೇಗೆ ಹೋಗುತ್ತದೆ ಎಂದು ಅಚ್ಚರಿಪಟ್ಟಿದ್ದರು. ಅದು ಬಿಹಾರದ ಮಧುಬನಿ ಜಿಲ್ಲೆಯ ಜಯನಗರ, ಅಲ್ಲಿಗೆ ಹೋಗುವುದು ಪವನ್ ಎಕ್ಸ್‌ಪ್ರೆಸ್. ಆ ಊರಿನಲ್ಲಿ ಭಾರತದ ಹಳಿ ಮುಗಿಯುವ ಕಡೆಯೇ ನೇಪಾಳದ ರೈಲು ನಿಂತಿರುತ್ತದೆ ಎಂದು ನಾನು ಹೇಳಿದ್ದೇ ತಡ, ಮುಂದಿನ ಭಾನುವಾರ ಮಾಟುಂಗಾದಲ್ಲಿ ಸೇರಿದಾಗ ಇಡ್ಲಿ ತಟ್ಟೆಗಳ ನಡುವೆ ನಕ್ಷೆ ಹರಡಿತು. ಪಾಸ್‌ಪೋರ್ಟಿಗೆ ವೀಸಾ ಹಚ್ಚಿಸದೆ, ವಿಮಾನ ಏರದೆ, ರೈಲಿನಲ್ಲೇ ವಿದೇಶಕ್ಕೆ ಹೋಗಿ ಒಂದೇ ದಿನದಲ್ಲಿ ಚಿತ್ರ ತೆಗೆದು ಮರಳಬಹುದಾದ ಜಾಗ ನಮಗೆ ಸಿಕ್ಕಿತ್ತು: ಸೀತೆಯ ತವರೆನಿಸಿದ ನೇಪಾಳದ ಜನಕಪುರ.

ಈ ಹಳಿಯ ಕಥೆಯನ್ನು ಸ್ವಲ್ಪ ಹೇಳಲೇಬೇಕು. 1937ರಲ್ಲಿ ರಾಣಾ ಆಡಳಿತದ ಕಾಲದಲ್ಲಿ ಇಲ್ಲಿ 762 ಮಿಲಿಮೀಟರ್ ಅಗಲದ ಸಣ್ಣ ಹಳಿಯ ರೈಲು ಆರಂಭವಾಯಿತು. 2014ರಲ್ಲಿ ಅದನ್ನು ನಿಲ್ಲಿಸಿ ಬ್ರಾಡ್‌ಗೇಜಿಗೆ ಬದಲಾಯಿಸಲಾಯಿತು. 2022ರ ಏಪ್ರಿಲ್ 2ರಂದು ಜಯನಗರದಿಂದ ಕುರ್ಥಾವರೆಗಿನ 35 ಕಿಲೋಮೀಟರ್ ಮಾರ್ಗ ಮತ್ತೆ ತೆರೆಯಿತು. ಕುರ್ಥಾಕ್ಕಿಂತ ಮೊದಲು ಸಿಗುವ ನಿಲ್ದಾಣವೇ ಜನಕಪುರಧಾಮ. ಅಲ್ಲಿ ಓಡುವ ಡೆಮು ಎಂಬ ಡೀಸೆಲ್ ರೈಲುಗಳು ಚೆನ್ನೈನ ಕಾರ್ಖಾನೆಯಲ್ಲಿ ತಯಾರಾದವು. ಅವನ್ನು ನೇಪಾಳಕ್ಕೆ ಒದಗಿಸಿದ್ದು ಬೇಲಾಪುರದಲ್ಲಿ ಮುಖ್ಯ ಕಚೇರಿಯಿರುವ, ನಮ್ಮನ್ನು ವರ್ಷವರ್ಷವೂ ಊರು ಮುಟ್ಟಿಸುವ ಕೊಂಕಣ ರೈಲ್ವೆಯೇ. ಇದನ್ನು ಕೇಳಿದಾಗ ಗುಂಪಿನ ಹಿರಿಯರಾದ ಶೆಟ್ಟರ ಮುಖದಲ್ಲಿ ಮೂಡಿದ ಸಂತೋಷವನ್ನು ನೋಡಿಯೇ ನಾನು ಈ ಪ್ರವಾಸದ ಹೊಣೆ ಹೊತ್ತೆ.

ಜನಕಪುರ ನನಗೆ ಅಪರಿಚಿತವಲ್ಲ. ಮೂರು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ಮನೆಯ ಮದುವೆಗೆಂದು ನವೆಂಬರಿನಲ್ಲಿ ಮಧುಬನಿಗೆ ಹೋದವನು ಒಂದು ದಿನ ಬಿಡುವು ಮಾಡಿಕೊಂಡು ಗಡಿ ದಾಟಿದ್ದೆ. ಬೆಳಗ್ಗೆಯೆಲ್ಲ ಜಾನಕಿ ಮಂದಿರದಲ್ಲಿ ಕಳೆದು, ಮಧ್ಯಾಹ್ನ ಬೀದಿಗಳನ್ನು ಸುತ್ತಿ, ಸಂಜೆಯ ಬೆಳಕನ್ನು ಗಂಗಾಸಾಗರ ಕೆರೆಯ ಮೆಟ್ಟಿಲುಗಳಿಗಾಗಿ ಕಾದಿರಿಸಿಕೊಂಡಿದ್ದೆ. ನಾಲ್ಕೂವರೆಗೆ ಚಹಾದಂಗಡಿಯ ಬೆಂಚಿನಲ್ಲಿ ಕುಳಿತು, ಇನ್ನೂ ಒಂದೂವರೆ ಗಂಟೆ ಇದೆಯೆಂಬ ಮುಂಬಯಿಯ ಲೆಕ್ಕದಲ್ಲಿ ಬೆಳಗ್ಗೆ ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ಲೋಟದ ಮೇಲೆ ಬಿದ್ದಿದ್ದ ಹಳದಿ ಬೆಳಕು ತೆಳುವಾಗುತ್ತ ಹೋದದ್ದನ್ನು ಕಂಡೂ ಮೋಡವಿರಬೇಕೆಂದುಕೊಂಡೆ. ಕೆರೆಯ ದಡಕ್ಕೆ ಬಂದಾಗ ಸೂರ್ಯನಿರಲಿಲ್ಲ, ನೀರಿಗೆ ಬೂದಿಯ ಬಣ್ಣ ಬಂದಿತ್ತು. ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿದ್ದ ಹೆಂಗಸು ಕೊನೆಯ ಸೀರೆಯನ್ನು ಬಕೆಟ್ಟಿಗೆ ಹಾಕಿಕೊಂಡು ಎದ್ದು ನಡೆದರು. ಆ ಚಿತ್ರ ನನ್ನಲ್ಲಿಲ್ಲ.

ಆದುದರಿಂದ ಯೋಜನೆಯ ಮೊದಲ ಹಾಳೆಯಲ್ಲಿ ನಾನು ಬರೆದದ್ದು ನೋಡಬೇಕಾದ ಜಾಗಗಳ ಪಟ್ಟಿಯನ್ನಲ್ಲ, ಸೂರ್ಯಾಸ್ತದ ಹೊತ್ತನ್ನು. ನವೆಂಬರಿನ ಕೊನೆಯ ವಾರದಲ್ಲಿ ಮುಂಬಯಿಯಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು ಆರಕ್ಕೆ. ಜನಕಪುರದಲ್ಲಿ ಅದೇ ದಿನ ನಮ್ಮ ಗಡಿಯಾರದ ಪ್ರಕಾರ ಐದಕ್ಕೆ ಐದು ನಿಮಿಷವಿರುವಾಗಲೇ ಮುಳುಗುತ್ತಾನೆ. ನಾವು ದೇಶದ ಪಶ್ಚಿಮ ಅಂಚಿನಲ್ಲಿದ್ದೇವೆ, ಆ ಊರು ಹದಿಮೂರು ರೇಖಾಂಶದಷ್ಟು ಪೂರ್ವಕ್ಕಿದೆ, ಜೊತೆಗೆ ಉತ್ತರಕ್ಕೂ ಸರಿದಿರುವುದರಿಂದ ಚಳಿಗಾಲದ ಹಗಲು ಅಲ್ಲಿ ಇನ್ನಷ್ಟು ಗಿಡ್ಡ. ಇದರ ಮೇಲೆ ನೇಪಾಳದ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದಿದ್ದು, ಅಲ್ಲಿನ ರೈಲಿನ ವೇಳೆಯನ್ನು ಯಾವ ದೇಶದ ಗಡಿಯಾರದಲ್ಲಿ ಹೇಳುತ್ತಿದ್ದಾರೆಂದು ಕೇಳಿಯೇ ತಿಳಿದುಕೊಳ್ಳಬೇಕು. ಎಂಟು ಮಂದಿಯೂ ಕೈಗಡಿಯಾರವನ್ನು ನೇಪಾಳದ ಸಮಯಕ್ಕೆ ತಿರುಗಿಸಿ, ಕ್ಯಾಮೆರಾದೊಳಗಿನ ಗಡಿಯಾರವನ್ನು ಮಾತ್ರ ಭಾರತದ ಸಮಯದಲ್ಲೇ ಬಿಡುವುದೆಂದು ತೀರ್ಮಾನಿಸಿದ್ದೇವೆ. ಆಮೇಲೆ ಎಂಟು ಮಂದಿಯ ಚಿತ್ರಗಳನ್ನು ಒಟ್ಟಿಗೆ ಜೋಡಿಸುವಾಗ ಸಮಯ ಹೊಂದಿಕೊಳ್ಳದಿದ್ದರೆ ಆಗುವ ಗೊಂದಲವನ್ನು ಹಿಂದೊಮ್ಮೆ ಅನುಭವಿಸಿದ್ದೇವೆ.

ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸುತ್ತ ಬಂದರೆ ದಿನದ ಆಕಾರ ತಾನಾಗಿಯೇ ಕಾಣುತ್ತದೆ. ನಾಲ್ಕು ಗಂಟೆಗೆ, ಅಂದರೆ ನೇಪಾಳದ ನಾಲ್ಕೂಕಾಲಿಗೆ, ಎಲ್ಲರೂ ಗಂಗಾಸಾಗರದ ದಡದಲ್ಲಿರಬೇಕು. ಅಲ್ಲಿ ಸಂಜೆ ಆರತಿಯೂ ನಡೆಯುತ್ತದೆ, ಪಕ್ಕದಲ್ಲೇ ಧನುಷಸಾಗರವೂ ಇದೆ. ಕೆರೆಗಳಿಗೇ ಹೆಸರಾದ ಊರಿನಲ್ಲಿ ಸಂಜೆಯನ್ನು ನೀರಿನ ಬಳಿ ಕಳೆಯದೆ ಇನ್ನೆಲ್ಲಿ ಕಳೆಯುವುದು? ಅದಕ್ಕೆ ಮುಂಚಿನ ಎರಡೂವರೆ ಗಂಟೆ ಮಣ್ಣಿನ ಗೋಡೆಗಳ ಮೇಲೆ ಚಿತ್ರ ಬರೆಯುವ ಮೈಥಿಲ ಹೆಂಗಸರ ಕೇರಿಗಳಿಗೆ. ರೈಲಿನಿಂದ ಇಳಿದ ಮೇಲಿನ ಮೊದಲ ಹೊತ್ತು ಜಾನಕಿ ಮಂದಿರಕ್ಕೆ. ಇಷ್ಟೇ. ಪಗೋಡ ಶೈಲಿಯ ರಾಮ ಮಂದಿರ ದಾರಿಯಲ್ಲಿ ಸಿಕ್ಕಿದರೆ ಸರಿ. ಧನುಷಾಧಾಮವನ್ನೂ ಸೇರಿಸಬೇಕೆಂದು ಇಬ್ಬರು ಪಟ್ಟುಹಿಡಿದರು, ಆದರೆ ಊರಾಚೆಗಿನ ಆ ಜಾಗಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧ ಹಗಲು ಗಾಡಿಯಲ್ಲೇ ಮುಗಿಯುತ್ತದೆ ಎಂದು ನಾನು ಒಪ್ಪಲಿಲ್ಲ. ಒಂದೇ ಹಗಲಿನಲ್ಲಿ ಮೂರಕ್ಕಿಂತ ಹೆಚ್ಚು ಜಾಗ ನೋಡಿದವರು ಚಿತ್ರ ತೆಗೆದಿರುವುದಿಲ್ಲ, ಗುರುತು ಹಾಕಿಕೊಂಡು ಬಂದಿರುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಾನಕಿ ಮಂದಿರವನ್ನು ಕಟ್ಟಿಸಿದವರು ಟೀಕಮ್‌ಗಢದ ರಾಣಿ. ಸುಮಾರು 1910ರ ಹೊತ್ತಿಗೆ ಮುಗಿದ ಈ ಕಟ್ಟಡಕ್ಕೆ ಒಂಬತ್ತು ಲಕ್ಷ ಖರ್ಚಾಯಿತೆಂಬ ಪ್ರತೀತಿಯಿಂದ ನೌಲಖಾ ಮಂದಿರವೆಂಬ ಹೆಸರು ಬಂದಿದೆ. ನಮ್ಮ ಕರಾವಳಿಯ ಹಂಚಿನ ಮಾಡಿನ ಗುಡಿಗಳನ್ನು ಕಂಡ ಕಣ್ಣಿಗೆ ಅದು ರಾಜಸ್ಥಾನದ ಅರಮನೆಯಂತೆ ಕಾಣುತ್ತದೆ. ಬಿಳಿ ಗೋಡೆ, ಕಮಾನು, ಗುಮ್ಮಟ, ಅಂಚಿಗೆಲ್ಲ ಬಣ್ಣದ ಪಟ್ಟಿ. ಬಿಳಿಯೇ ಇಲ್ಲಿನ ಕಷ್ಟ. ಚೌಕಟ್ಟಿನ ತುಂಬ ಬಿಳಿ ಗೋಡೆಯಿದ್ದರೆ ಕ್ಯಾಮೆರಾದ ಮೀಟರು ಬೆಳಕು ವಿಪರೀತವಿದೆಯೆಂದು ಭಾವಿಸಿ ಗೋಡೆಯನ್ನು ಬೂದು ಮಾಡಿಬಿಡುತ್ತದೆ. ಆದ್ದರಿಂದ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬಿಡುವ ಬೆಳಕನ್ನು, ಮುಕ್ಕಾಲರಿಂದ ಒಂದು ಸ್ಟಾಪಿನಷ್ಟು (ಒಂದು ಸ್ಟಾಪೆಂದರೆ ಬೆಳಕು ಇಮ್ಮಡಿ) ಏರಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲಗಡೆಯ ಅಂಚಿಗೆ ಬಡಿಯುತ್ತಿಲ್ಲವೆಂದು ನೋಡಿಕೊಳ್ಳಬೇಕು. ಗುಂಪಿನ ಹೊಸಬರಿಗೆ ಇದನ್ನು ಮುಂಚೆಯೇ ಅಭ್ಯಾಸ ಮಾಡಿಸಲು ಮನೆಯ ಬಿಳಿ ಪಂಚೆಯನ್ನು ಬಾಲ್ಕನಿಯ ಹಗ್ಗದಲ್ಲಿ ಹರಡಿ ಚಿತ್ರ ತೆಗೆಯಲು ಹೇಳಿದ್ದೇನೆ.

ತಿಂಗಳನ್ನು ಆರಿಸುವುದಕ್ಕೇ ಮೂರು ಭಾನುವಾರ ಹಿಡಿಯಿತು. ಮಿಥಿಲೆಯ ಮನೆಗಳ ಗೋಡೆಗಳಿಗೆ ಹೊಸ ಮಣ್ಣು ಬಳಿದು ಹೊಸ ಚಿತ್ರ ಬರೆಯುವುದು ದೀಪಾವಳಿಯ ಆಸುಪಾಸಿನಲ್ಲಿ, ಹಾಗಾಗಿ ಅದರ ನಂತರ ಹೋದರೆ ಗೋಡೆಗಳು ತಾಜಾ ಇರುತ್ತವೆ. ದೀಪಾವಳಿ ಕಳೆದು ಆರನೆಯ ದಿನಕ್ಕೆ ಬಿಹಾರದವರ ದೊಡ್ಡ ಹಬ್ಬವಾದ ಛಠ್ ಪೂಜೆ. ಅದಕ್ಕೆ ಮೊದಲು ಮುಂಬಯಿಯಿಂದ ಬಿಹಾರಕ್ಕೆ ಹೋಗುವ ರೈಲುಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ವರ್ಷವಿಡೀ ಈ ಊರಿನ ಕಟ್ಟಡಗಳನ್ನು ಕಟ್ಟುವ, ಟ್ಯಾಕ್ಸಿ ಓಡಿಸುವ ಜನ ಮನೆಗೆ ಹೋಗುವ ಕಾಲ ಅದು. ಅವರ ಒಂದು ಸೀಟನ್ನೂ ಚಿತ್ರದ ಹವ್ಯಾಸಕ್ಕಾಗಿ ನಾವು ಹಿಡಿಯಬಾರದು. ಡಿಸೆಂಬರ್ ನಡುವಿನಿಂದ ಹಿಮಾಲಯದ ಬುಡದ ತರಾಯಿಯ ಬಯಲಿಗೆ ದಟ್ಟ ಮಂಜು ಇಳಿಯುತ್ತದೆ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಮಾರ್ಗಶಿರ ಶುದ್ಧ ಪಂಚಮಿಯ ವಿವಾಹ ಪಂಚಮಿಯಂದು ಸೀತಾರಾಮರ ಮದುವೆಯ ಉತ್ಸವಕ್ಕೆ ಅಪಾರ ಜನಸಾಗರ ಸೇರುತ್ತದೆ. ಹಲವು ದಿನ ತಂಗುವವರಿಗೆ ಅದು ಭಾಗ್ಯ, ಒಂದು ದಿನಕ್ಕೆ ಹೋಗುವ ಎಂಟು ಜನರಿಗೆ ಪರಸ್ಪರ ಕಳೆದುಹೋಗುವ ದಾರಿ. ಹೀಗೆ ಛಠ್ ಮುಗಿದ ಮೇಲೆ, ಮಂಜು ಇಳಿಯುವ ಮೊದಲು, ಉತ್ಸವವನ್ನು ತಪ್ಪಿಸಿ ಉಳಿಯುವುದು ಎರಡು ಮೂರು ವಾರಗಳ ಕಿಂಡಿ ಮಾತ್ರ.

ಜುಲೈ ತಿಂಗಳಲ್ಲಿ ಒಂದು ತಾಲೀಮು ನಡೆಸಿದೆವು. ಮುಂಜಾನೆಯ ಕರ್ಜತ್ ಲೋಕಲ್ ಹಿಡಿದು, ಉಲ್ಹಾಸ್ ನದಿಯ ದಡದಲ್ಲಿ ಚಿತ್ರ ತೆಗೆದು, ನಿಗದಿಯಾದ ಒಂದೇ ರೈಲಿನಲ್ಲಿ ಎಲ್ಲರೂ ಮರಳಬೇಕೆಂಬ ನಿಯಮ. ಬಂದವರು ಎಂಟು, ಆ ರೈಲು ಸಿಕ್ಕಿದ್ದು ಐವರಿಗೆ. ಡೊಂಬಿವಲಿಯ ನಮ್ಮ ಸುಮಾ ಅಕ್ಕ ಗದ್ದೆಯಲ್ಲಿ ಸಸಿ ನೆಡುತ್ತಿದ್ದವರ ಬಳಿ ನಿಂತುಬಿಟ್ಟಿದ್ದರು, ಅವರನ್ನು ಹುಡುಕಲು ಹೋದ ಇಬ್ಬರೂ ಅಲ್ಲೇ ಕ್ಯಾಮೆರಾ ತೆಗೆದರು. ಅಂದಿನ ಅತ್ಯುತ್ತಮ ಚಿತ್ರ ಅಕ್ಕನದೇ ಆಗಿತ್ತು: ಮೊಣಕಾಲು ಮಟ್ಟದ ನೀರಿನಲ್ಲಿ ಬಾಗಿದ ನಾಲ್ಕು ಬೆನ್ನುಗಳು, ಮೇಲೆ ಹೊದ್ದ ನೀಲಿ ಪ್ಲಾಸ್ಟಿಕ್ಕಿನ ಮೇಲೆ ಮಳೆ. ಅದನ್ನು ಕಂಡ ಮೇಲೆ ಎಲ್ಲರೂ ಸದಾ ಒಟ್ಟಿಗಿರಬೇಕೆಂಬ ನಿಯಮವನ್ನು ನಾನೇ ಕೈಬಿಟ್ಟೆ. ಜನಕಪುರದಲ್ಲಿ ಇಬ್ಬಿಬ್ಬರ ನಾಲ್ಕು ಜೋಡಿಗಳು, ಪ್ರತಿ ಜೋಡಿಗೂ ಪೂರ್ಣ ಸ್ವಾತಂತ್ರ್ಯ. ಆದರೆ ದಿನದಲ್ಲಿ ಎರಡು ಬಾರಿ, ಮಂದಿರದ ಮುಂದೆ ಮತ್ತು ಗಂಗಾಸಾಗರದ ಮೆಟ್ಟಿಲಲ್ಲಿ, ಹೇಳಿದ ಹೊತ್ತಿಗೆ ಸೇರಲೇಬೇಕು. ಹದಿನೈದು ನಿಮಿಷಕ್ಕಿಂತ ಹೆಚ್ಚು ಯಾರೂ ಯಾರಿಗಾಗಿಯೂ ಕಾಯುವುದಿಲ್ಲ, ತಪ್ಪಿದವರು ನೇರವಾಗಿ ಮುಂದಿನ ಜಾಗಕ್ಕೆ ಬರಬೇಕು. ಭಾರತದ ಸಿಮ್ ರೋಮಿಂಗ್ ಇಲ್ಲದೆ ಅಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ ಫೋನನ್ನು ನಂಬಿ ಈ ಮಾತನ್ನು ಸಡಿಲಗೊಳಿಸುವಂತಿಲ್ಲ.

ಮರಳುವ ರೈಲಿನ ವಿಷಯದಲ್ಲಿ ಎಚ್ಚರ ಬೇಕು. ದಿನಕ್ಕೆ ಓಡುವ ರೈಲುಗಳೇ ಕೆಲವು, ವೇಳಾಪಟ್ಟಿಯೂ ಬದಲಾಗುತ್ತಿರುತ್ತದೆ, ಆದ್ದರಿಂದ ಜಯನಗರದ ಕೌಂಟರಿನಲ್ಲಿ ಟಿಕೆಟ್ ಕೊಳ್ಳುವಾಗಲೇ ಕೊನೆಯ ರೈಲಿನ ಹೊತ್ತನ್ನು ಕೇಳಿ ಬರೆದುಕೊಳ್ಳಬೇಕು. ಅದು ಸೂರ್ಯಾಸ್ತಕ್ಕೆ ಮೊದಲೇ ಹೊರಡುವುದಾದರೆ ನಾವು ಸಂಜೆಯ ಬೆಳಕನ್ನು ಬಿಡುವುದಿಲ್ಲ, ರೈಲನ್ನು ಬಿಡುತ್ತೇವೆ. ಕಳೆದ ಸಲ ನಾನು ಮರಳಿದಂತೆ ಜಲೇಶ್ವರದ ಮೂಲಕ ಭಿಟ್ಠಾಮೋಡ್ ಗಡಿಗೆ ಜೀಪಿನಲ್ಲಿ ಬಂದರೆ ಸೀತಾಮಢಿ ಜಿಲ್ಲೆಯಲ್ಲಿ ಭಾರತ ಸೇರಬಹುದು. ಹೀಗಾಗಿ ಜಯನಗರದ ಲಾಡ್ಜಿನಲ್ಲಿ ಸಾಮಾನು ಬಿಟ್ಟು ಹೋಗುವಂತಿಲ್ಲ, ಬೆನ್ನಿಗೆ ಹಾಕಿಕೊಳ್ಳುವಷ್ಟೇ ಸಾಮಾನು ತರಬೇಕು. ಒಂದು ಕ್ಯಾಮೆರಾ, ಎರಡು ಲೆನ್ಸ್, ಎರಡು ಹೆಚ್ಚಿನ ಬ್ಯಾಟರಿ. ಟ್ರೈಪಾಡ್ ಎಂಟು ಜನರ ನಡುವೆ ಎರಡು ಸಾಕು, ಡ್ರೋನ್ ಬೇಡವೇ ಬೇಡ.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತೀಯರಿಗೆ ನೇಪಾಳದ ವೀಸಾ ಬೇಡವಾದರೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತುಚೀಟಿಯ ಮೂಲಪ್ರತಿ ಜೇಬಿನಲ್ಲಿರಬೇಕು. ಆಧಾರ್ ಒಂದನ್ನೇ ನಂಬಿ ಬರಬಾರದು. ಕ್ಯಾಮೆರಾ ಮತ್ತು ಲೆನ್ಸುಗಳ ಬಿಲ್ಲು, ಸೀರಿಯಲ್ ನಂಬರುಗಳ ಪಟ್ಟಿ ಜೊತೆಗಿದ್ದರೆ ಮರಳುವಾಗ ಕಸ್ಟಮ್ಸಿನವರ ಪ್ರಶ್ನೆಗೆ ಉತ್ತರವಿರುತ್ತದೆ. ನೂರು ರೂಪಾಯಿಯ ನೋಟುಗಳನ್ನು ಒಯ್ಯುವುದು ಕ್ಷೇಮ. ನಮ್ಮ ನೂರು ಅಲ್ಲಿನ ನೂರ ಅರವತ್ತಕ್ಕೆ ಸಮ. ಗಡಿಯ ತಪಾಸಣಾ ಠಾಣೆ, ಪಹರೆಯ ಸಶಸ್ತ್ರ ಸೀಮಾ ಬಲದವರು, ಕಸ್ಟಮ್ಸ್ ಕೊಠಡಿ, ಇವುಗಳತ್ತ ಯಾರೂ ಕ್ಯಾಮೆರಾ ಎತ್ತಬಾರದೆಂದು ಎರಡು ಸಲ ಹೇಳಿದ್ದೇನೆ, ರೈಲಿನಿಂದ ಇಳಿಯುವ ಮೊದಲು ಮೂರನೆಯ ಸಲವೂ ಹೇಳುತ್ತೇನೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಗೋಡೆಗೆ ಚಿತ್ರ ಬರೆಯುವ ಹೆಂಗಸರ ಮನೆಯಂಗಳದಲ್ಲಿ ನಮ್ಮ ನಡವಳಿಕೆ. ಎಂಟು ಲೆನ್ಸುಗಳು ಒಮ್ಮೆಲೇ ಒಬ್ಬರ ಮುಖದತ್ತ ತಿರುಗಿದರೆ ಅದು ದಾಳಿಯಂತಾಗುತ್ತದೆ. ಒಂದು ಅಂಗಳಕ್ಕೆ ಒಂದೇ ಜೋಡಿ ಹೋಗಬೇಕು. ಮೊದಲ ಹತ್ತು ನಿಮಿಷ ಕ್ಯಾಮೆರಾ ಚೀಲದಲ್ಲೇ ಇರಲಿ. ಹಿಂದಿ ಅವರಿಗೆ ಅರ್ಥವಾಗುತ್ತದೆ, ಕೇಳಿ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ನಮಸ್ಕರಿಸಿ ಹೊರಡಬೇಕು. ಮಕ್ಕಳ ಕೈಗೆ ಚಿಲ್ಲರೆ ಕೊಡುವುದರ ಬದಲು ಅವರ ತಾಯಂದಿರು ಕಾಗದದ ಮೇಲೆ ಬರೆದ ಚಿತ್ರವನ್ನು ಹೇಳಿದ ಬೆಲೆ ಕೊಟ್ಟು ಕೊಳ್ಳುವುದಕ್ಕೆ ತಲಾ ಒಂದು ಸಾವಿರ ರೂಪಾಯಿಯನ್ನು ಪ್ರವಾಸದ ಖರ್ಚಿನಲ್ಲೇ ಸೇರಿಸಿದ್ದೇನೆ. ಭಟ್ಟರು ಮನೆಯ ಚಿಕ್ಕ ಪ್ರಿಂಟರನ್ನು ಹೊತ್ತು ತರುತ್ತಾರಂತೆ, ತೆಗೆದ ಚಿತ್ರದ ಒಂದು ಪ್ರತಿಯನ್ನು ಅಲ್ಲೇ ಕೈಗೆ ಕೊಟ್ಟು ಬರಲು. ತೂಕದ ಲೆಕ್ಕದಲ್ಲಿ ಅದೊಂದಕ್ಕೆ ನಾನು ವಿನಾಯಿತಿ ಕೊಟ್ಟಿದ್ದೇನೆ.

ಪವನ್ ಎಕ್ಸ್‌ಪ್ರೆಸ್ಸಿನ ಮುಂಗಡ ಬುಕಿಂಗ್ ಅರುವತ್ತು ದಿನ ಮೊದಲು ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಒಂದು ಟಿಕೆಟಿನಲ್ಲಿ ಆರು ಮಂದಿಗಷ್ಟೇ ಜಾಗವಿರುವುದರಿಂದ ಐವರ ಹೆಸರನ್ನು ನಾನು, ಮೂವರದ್ದನ್ನು ಮುಲುಂಡಿನ ತಮ್ಮ ಏಕಕಾಲಕ್ಕೆ ಹಾಕುತ್ತೇವೆ. ಒಂದೂವರೆ ದಿನದ ಪ್ರಯಾಣ ಹೆಚ್ಚೆನಿಸುವವರು ದರ್ಭಂಗಾಕ್ಕೆ ವಿಮಾನದಲ್ಲಿ ಬಂದು ಅಲ್ಲಿಂದ ಸೇರಿಕೊಳ್ಳಬಹುದು ಎಂದಾಗ ಎಪ್ಪತ್ತೊಂದರ ಶೆಟ್ಟರು ಒಪ್ಪಲಿಲ್ಲ, ತಮಗೆ ಕಿಟಕಿಯ ಪಕ್ಕದ ಕೆಳಗಿನ ಬರ್ತ್ ಒಂದಿದ್ದರೆ ಸಾಕೆಂದರು. ಅವರ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿದೆ, ಮತದಾರರ ಚೀಟಿಯನ್ನು ಮೊನ್ನೆಯೇ ಹುಡುಕಿ ಪ್ಲಾಸ್ಟಿಕ್ ಹೊದಿಕೆ ಹಾಕಿಸಿಟ್ಟಿದ್ದಾರೆ.