ಬಿಳಿ, ಗುಲಾಬಿ, ಹಳದಿ: ಅಭ್ಯರ್ಥಿಯ ಖರ್ಚಿನ ಪುಸ್ತಕ

ನಾಮಪತ್ರ ಕೊಟ್ಟಾಗ ಚುನಾವಣಾ ಕಚೇರಿಯಿಂದ ಅಭ್ಯರ್ಥಿಗೆ ಒಂದು ಪುಸ್ತಕ ಸಿಗುತ್ತದೆ. ಬಿಳಿ ಪುಟದಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್ ಲೆಕ್ಕ. 2022ರಲ್ಲಿ ಏರಿಸಿದ ಮಿತಿಯಂತೆ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ದಾಟುವಂತಿಲ್ಲ. ಕಾರವಾರ, ಶಿರಸಿ ಕಡೆ ಈ ಪುಸ್ತಕ ಬರೆಯಲು ಕೂರುವ ಹುಡುಗರಿಗಾಗಿ ಇದು.

ಮೊದಲು ದಿನಗಳ ಲೆಕ್ಕ. 2023ರ ವಿಧಾನಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ನೀತಿ ಸಂಹಿತೆ ಅಂದೇ ಶುರು. ನಾಮಪತ್ರ ಏಪ್ರಿಲ್ 13ರಿಂದ 20, ವಾಪಸಾತಿ 24, ಮತದಾನ ಮೇ 10. ಬಹಿರಂಗ ಪ್ರಚಾರ ಮತದಾನ ಮುಗಿಯುವ 48 ತಾಸು ಮೊದಲೇ, ಅಂದರೆ ಮೇ 8ರ ಸಂಜೆ 6ಕ್ಕೆ ಬಂದ್. ಆದರೆ ಖರ್ಚಿನ ಲೆಕ್ಕ ಶುರುವಾಗುವುದು ನಾಮಪತ್ರದ ದಿನದಿಂದ, ಮುಗಿಯುವುದು ಫಲಿತಾಂಶದ ದಿನಕ್ಕೆ. ಮೊದಲೇ ಅಚ್ಚು ಹಾಕಿಸಿದ ಕರಪತ್ರವನ್ನು ಆಮೇಲೆ ಹಂಚಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಹೆಚ್ಚಿನವರು ಇಲ್ಲೇ ಎಡವುತ್ತಾರೆ.

ಇನ್ನು ಹಣ. ನಾಮಪತ್ರಕ್ಕೆ ಒಂದು ದಿನವಾದರೂ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಕೈಯಿಂದ ಹಾಕುವ ಹಣವೂ ಆ ಖಾತೆಯ ಮೂಲಕವೇ ಹೋಗಬೇಕು. ಒಬ್ಬರಿಗೆ ಇಡೀ ಚುನಾವಣೆಯಲ್ಲಿ 10,000 ರೂಪಾಯಿವರೆಗೆ ಮಾತ್ರ ನಗದು ಕೊಡಬಹುದು. ಅಂಕೋಲಾದ ಜೀಪಿನವನಿಗೆ 4,000ದಂತೆ ಮೂರು ಸಲ ನಗದು ಕೊಟ್ಟರೆ 12,000 ಆಯಿತು, ನಿಯಮ ಮುರಿಯಿತು. ದಿನದ ಮಿತಿ ಎಂದುಕೊಂಡವರು ಕೊನೆಗೆ ಒದ್ದಾಡುತ್ತಾರೆ.

ಗಾಡಿಯ ವಿಷಯ ಇನ್ನೂ ಕಷ್ಟ. ಕಾರವಾರ ಕ್ಷೇತ್ರ ಅಂಕೋಲೆಯನ್ನೂ ಸೇರಿಸಿಕೊಂಡಿದೆ, ಶಿರಸಿ ಕ್ಷೇತ್ರ ಸಿದ್ದಾಪುರವನ್ನು. ದಾರಿ ಉದ್ದ, ಗಾಡಿ ಹೆಚ್ಚು. ಅನುಮತಿ ಪಡೆದ ಗಾಡಿಯನ್ನು ಎರಡು ದಿನಕ್ಕಿಂತ ಹೆಚ್ಚು ಕಾಲ ಓಡಿಸದೆ ನಿಲ್ಲಿಸುವುದಾದರೆ ಚುನಾವಣಾಧಿಕಾರಿಗೆ ಬರೆದು ಅನುಮತಿ ವಾಪಸು ಕೊಡಿ. ಇಲ್ಲದಿದ್ದರೆ ಅಂಗಳದಲ್ಲಿ ನಿಂತ ಗಾಡಿಯ ಬಾಡಿಗೆಯೂ ಖರ್ಚಿಗೆ ಸೇರುತ್ತದೆ. ಗೆಳೆಯ ಪುಕ್ಕಟೆ ಕೊಟ್ಟ ಜೀಪಿಗೂ ಬಾಡಿಗೆ ಕಟ್ಟುತ್ತಾರೆ.

ಸಭೆಯ ಖುರ್ಚಿ, ಶಾಮಿಯಾನ, ಚಾ, ಊಟಕ್ಕೆ ಜಿಲ್ಲೆಯ ದರಪಟ್ಟಿ ಇರುತ್ತದೆ. ಚುನಾವಣಾ ಕಚೇರಿಯ ವಿಡಿಯೊ ತಂಡದವರು ಊರು, ದಿನ, ಪಕ್ಷ, ಅಭ್ಯರ್ಥಿಯ ಹೆಸರು ಬಾಯಲ್ಲಿ ಹೇಳಿ ಚಿತ್ರೀಕರಣ ಶುರುಮಾಡಿ, ಖುರ್ಚಿ, ಗಾಡಿ, ಬ್ಯಾನರ್ ಎಲ್ಲ ಹಿಡಿಯುತ್ತಾರೆ. ಅದನ್ನು ನೋಡಿ ಅಧಿಕಾರಿಗಳು ತಮ್ಮದೇ ನೆರಳು ಪುಸ್ತಕ ಬರೆಯುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಎರಡೂ ಪುಸ್ತಕ ಎದುರುಬದುರು ಕೂರುತ್ತವೆ. ನೀವು 200 ಖುರ್ಚಿ ಬರೆದು ವಿಡಿಯೊದಲ್ಲಿ 500 ಕಂಡರೆ ನೋಟಿಸ್, 48 ತಾಸಿನಲ್ಲಿ ಉತ್ತರ. ಬಾಕಿ ಬಿಲ್ಲನ್ನೂ ಆ ದಿನವೇ ಬರೆಯಿರಿ.

ಮಾಜಾಳಿಯಂಥ ಗಡಿ ಚೆಕ್‌ಪೋಸ್ಟಿನಲ್ಲಿ ಗೋವಾ ಸಾರಾಯಿಯ ಜೊತೆ ಹಣವನ್ನೂ ಹುಡುಕುತ್ತಾರೆ. 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವ ಮೀನು ವ್ಯಾಪಾರಿ, ಅಡಿಕೆ ಮಾರಿ ಬರುವ ರೈತ ಬಿಲ್ಲು, ಬ್ಯಾಂಕ್ ಚೀಟಿ ಜೊತೆಯಲ್ಲೇ ಇಟ್ಟುಕೊಳ್ಳಲಿ. ದುಡಿದ ಹಣಕ್ಕಾಗಿ, ಜಪ್ತಾದ ಹಣ ಬಿಡಿಸುವ ಜಿಲ್ಲಾ ಸಮಿತಿಯ ಮುಂದೆ ಅಲೆಯುವುದು ಯಾರಿಗೂ ಬೇಡ.

ನನಗೆ ನಿಜಕ್ಕೂ ನೋವು ತರುವುದು ಒಂದೇ: ಈ ಮಿತಿಯೆಲ್ಲ ಅಭ್ಯರ್ಥಿಗೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಸಣ್ಣ ಪಕ್ಷೇತರ ಖುರ್ಚಿ ಎಣಿಸುತ್ತಾನೆ. ದೊಡ್ಡ ಪಕ್ಷದ ತಾರಾ ಪ್ರಚಾರಕರ ಪ್ರಯಾಣ ಯಾವ ಅಭ್ಯರ್ಥಿಯ ಪುಸ್ತಕಕ್ಕೂ ಸೇರುವುದಿಲ್ಲ. ಆದರೆ ಅಭ್ಯರ್ಥಿ ಅವರೊಂದಿಗೆ ವೇದಿಕೆ ಹತ್ತಿದರೆ ಸಭೆಯ ಖರ್ಚಿನ ಪಾಲು ಅವನ ಲೆಕ್ಕಕ್ಕೆ ಬೀಳುತ್ತದೆ.

ಫಲಿತಾಂಶದಿಂದ 30 ದಿನದೊಳಗೆ ಪೂರ್ತಿ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸೇರಬೇಕು. ಸೋತವರಿಗೂ ಇದು ತಪ್ಪಿದ್ದಲ್ಲ. ಕೊಡದಿದ್ದರೆ ಆಯೋಗ ಮೂರು ವರ್ಷ ಸ್ಪರ್ಧೆಗೆ ಅನರ್ಹಗೊಳಿಸಬಹುದು.