ಸೀಗಲ್ ನಿಂತಿದ್ದ ಜಾಗ

ಆಗಸ್ಟ್ ತಿಂಗಳ ಒಂದು ಶನಿವಾರ. ಊರಿನಿಂದ ನಮ್ಮ ಸೇಂಟ್ ಲೂಯಿ ಮನೆಗೆ ಬಂದಿದ್ದ ಅಪ್ಪನನ್ನು ಅಮೆರಿಕದ ಅಂತರ್ಯುದ್ಧದ ವಿಲ್ಸನ್ಸ್ ಕ್ರೀಕ್ ರಣರಂಗಕ್ಕೆ ಕರೆದುಕೊಂಡು ಹೋದೆ. ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಅಲ್ಲಿ ಕಾದಾಡಿದ ಸೇನಾನಿ ಫ್ರಾಂಝ್ ಸೀಗಲ್ ಅವರ ಕತೆ ಹೇಳಿದೆ. 1824ರಲ್ಲಿ ಜರ್ಮನಿಯ ಬಾಡೆನ್ ಸೀಮೆಯಲ್ಲಿ ಹುಟ್ಟಿದವರು, ಸೇನಾ ಶಾಲೆಯಲ್ಲಿ ಕಲಿತವರು. 1848ರಲ್ಲಿ ಅರಸರ ಆಳ್ವಿಕೆ ವಿರುದ್ಧ ಎದ್ದ ದಂಗೆಯಲ್ಲಿ ಸೇರಿದರು. ದಂಗೆ ಸೋತಿತು, ದೇಶ ಬಿಡಬೇಕಾಯಿತು. 1852ರಲ್ಲಿ ಅಮೆರಿಕಕ್ಕೆ ಬಂದು ಪಾಠ ಹೇಳಿ ಬದುಕಿದರು. ಗುಲಾಮಗಿರಿಯ ವಿಷಯಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಸೇಂಟ್ ಲೂಯಿಯಲ್ಲೇ ಇದ್ದರು, ಉತ್ತರದ ಪಡೆ ಸೇರಿದರು.

“ಮೇಷ್ಟ್ರಾ?” ಅಂದರು ಅಪ್ಪ. ಅವರೂ ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿದ್ದವರು.

ಬಿಸಿಲು ಜೋರಿತ್ತು. ಶಾರ್ಪ್ ಎಂಬ ರೈತನ ಹೊಲವಿದ್ದ ದಿಬ್ಬದಲ್ಲಿ ನಿಂತೆವು. 1861ರ ಆಗಸ್ಟ್ 10ರ ಬೆಳಗ್ಗೆ ಸೀಗಲ್ ಇದ್ದ ಪಡೆಯ ಮುಖ್ಯಸ್ಥ ಜನರಲ್ ಲಿಯಾನ್ ಉತ್ತರ ದಿಕ್ಕಿನಿಂದ ಬಂದರೆ, ಸೀಗಲ್ ಸುಮಾರು 1,200 ಜನ, ಆರು ಫಿರಂಗಿಗಳೊಂದಿಗೆ ಸುತ್ತು ಹಾಕಿ ದಕ್ಷಿಣದಿಂದ ಬಂದರು. ಮೊದಲ ಗುಂಡುಗಳಿಗೇ ಶತ್ರುವಿನ ಕುದುರೆ ಪಡೆ ಚದುರಿತು. ಆಮೇಲೆ ಇಲ್ಲೇ, ರಸ್ತೆಗೆ ಅಡ್ಡ ನಿಂತರು. ಬೂದು ಬಣ್ಣದ ಬಟ್ಟೆಯ ಪಡೆಯೊಂದು ಎದುರಿಗೆ ಬಂತು. ಲಿಯಾನ್ ಕಡೆಯ ಅಯೋವಾ ಪಡೆಯೂ ಬೂದು ಬಟ್ಟೆಯನ್ನೇ ಹಾಕಿತ್ತು. ನಮ್ಮವರೇ ಅಂದುಕೊಂಡು ಗುಂಡು ಹಾರಿಸಲಿಲ್ಲ. ಬಂದವರು ದಕ್ಷಿಣದ ಕಡೆಯ ಲೂಯಿಸಿಯಾನಾದವರು. ಕ್ಷಣದಲ್ಲಿ ಸಾಲು ಮುರಿಯಿತು. ಐದು ಫಿರಂಗಿ ಹೋದವು. ಅದೇ ಬೆಳಗ್ಗೆ ಆಚೆ ಗುಡ್ಡದ ಮೇಲೆ ಲಿಯಾನ್ ಸತ್ತರು.

ಅಪ್ಪ ಆ ಇಳಿಜಾರನ್ನೇ ತುಂಬಾ ಹೊತ್ತು ನೋಡಿದರು. “ದೂರದಿಂದ ಯಾರಿಗೆ ಗೊತ್ತಾಗುತ್ತೆ, ಪಾಪ” ಅಂದರು.

1862ರ ಮಾರ್ಚ್‌ನಲ್ಲಿ ಪೀ ರಿಡ್ಜ್‌ನಲ್ಲಿ ನಡೆದ ಕದನದಲ್ಲಿ ಸೀಗಲ್ ಅವರ ಫಿರಂಗಿಗಳು ಗೆಲುವಿಗೆ ದಾರಿ ಮಾಡಿಕೊಟ್ಟವು. 1864ರ ಮೇ 15ರಂದು ನ್ಯೂ ಮಾರ್ಕೆಟ್‌ನಲ್ಲಿ ಸೋತರು, ಅಧಿಕಾರವೂ ಹೋಯಿತು. ಸೋಲುಗಳನ್ನಷ್ಟೇ ಎಣಿಸಿ ಅವರನ್ನು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಇಂಗ್ಲಿಷ್ ಸರಿಯಾಗಿ ಬಾರದ ಎಷ್ಟೋ ಜರ್ಮನ್ನರಿಗೆ ಅವರು ನಮ್ಮವರು ಅನ್ನಿಸಿದ್ದರು. ‘ಸೀಗಲ್ ಜೊತೆ ಹೋರಾಡ್ತೀನಿ’ ಅನ್ನುವ ಮಾತು ಆಗ ಅವರಲ್ಲಿ ಮನೆಮಾತಾಗಿತ್ತು. ಬೇರೆ ನಾಡಿಗೆ ಬಂದು ಹತ್ತು ವರ್ಷವೂ ತುಂಬದವರು, ಅಲ್ಲಿನ ಗುಲಾಮಗಿರಿ ಹೋಗಲಿ ಅಂತ ಪ್ರಾಣ ಕೊಡಲು ಹೊರಟವರು ಅವರಲ್ಲಿ ಹಲವರಿದ್ದರು. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಮರುದಿನ ಅಪ್ಪನೇ ಕೇಳಿ ಫಾರೆಸ್ಟ್ ಪಾರ್ಕ್‌ಗೆ ಬಂದರು. ಅಲ್ಲಿ ಕುದುರೆ ಮೇಲೆ ಕೂತ ಸೀಗಲ್ ಪ್ರತಿಮೆಯಿದೆ, 1906ರದು. ಪೀಠದ ಮೇಲಿನ ಬರಹ ಸೇಂಟ್ ಲೂಯಿಯ ಜರ್ಮನ್ ದೇಶಭಕ್ತರೆಲ್ಲರನ್ನೂ ನೆನೆಯುತ್ತದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದುವ ಹಾಗೆ, ಅದನ್ನು ಎರಡು ಸಲ ಜೋರಾಗಿ ಓದಿದರು.